‘ಎಲ್ಲಿ’ ಎಂದಲ್ಲ, ‘ಏನು’ ಎಂದು ಕೇಳಿ: ಉಪಗ್ರಹ ಚಿತ್ರದ ಒಗಟು ಹೀಗಿರಲಿ

ಸಂಪಾದಕರಿಗೆ,

ಮಾನ್ಯರೇ,

ಪದಬಂಧ, ಸುಡೊಕುಗಳ ಪಕ್ಕದಲ್ಲಿ ಉಪಗ್ರಹ ತೆಗೆದ ಒಂದು ಚಿತ್ರ ಹಾಕಿ ‘ಇದು ಎಲ್ಲಿಯದು, ಊಹಿಸಿ’ ಎಂದು ಕೇಳುವ ಆಟ ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆ. ಆಟ ಒಳ್ಳೆಯದೇ, ಕೇಳುವ ಪ್ರಶ್ನೆ ಮಾತ್ರ ಸರಿಯಿಲ್ಲ. ‘ಎಲ್ಲಿ’ ಎಂದು ಕೇಳಿದರೆ ಮೊದಲೇ ಆ ಚಿತ್ರ ಕಂಡಿದ್ದವರು ಗೆಲ್ಲುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೋರಿಸಿ ಹುಡುಕಿದವರು ಗೆಲ್ಲುತ್ತಾರೆ. ‘ಇದು ಯಾವ ಭೂರೂಪ, ಹಾಗೆನ್ನಲು ಚಿತ್ರದಲ್ಲಿ ಏನು ಆಧಾರ’ ಎಂದು ಕೇಳಿದರೆ ಆ ಜಾಗದ ಹೆಸರೇ ಕೇಳದವರೂ ಚಿತ್ರವನ್ನು ದಿಟ್ಟಿಸಿ, ತರ್ಕ ಹೂಡಿ ಉತ್ತರಕ್ಕೆ ಬರಬಹುದು. ಪದಬಂಧಕ್ಕೆ ಸುಳಿವು ಕೊಡುತ್ತೀರಿ, ಸುಡೊಕುವಿಗೆ ಕೆಲವು ಅಂಕಿ ತುಂಬಿಸಿ ಕೊಡುತ್ತೀರಿ. ಉಪಗ್ರಹ ಚಿತ್ರವನ್ನು ಮಾತ್ರ ಯಾವ ಆಸರೆಯೂ ಇಲ್ಲದೆ ಬೆತ್ತಲೆಯಾಗಿ ಅಚ್ಚು ಹಾಕುವುದು ಒಗಟಲ್ಲ, ಲಾಟರಿ.

ಚಿತ್ರದ ಜೊತೆ ಕೊಡಲೇಬೇಕಾದದ್ದು ನಾಲ್ಕು ಸಂಗತಿ: ಉತ್ತರ ದಿಕ್ಕಿನ ಬಾಣ, ಅಳತೆಯ ಪಟ್ಟಿ, ಚಿತ್ರ ತೆಗೆದ ದಿನದ ಜೊತೆಗೆ ಆಗ ಸೂರ್ಯನಿದ್ದ ದಿಕ್ಕು ಮತ್ತು ಎತ್ತರದ ಕೋನ, ಯಾವ ಬಣ್ಣ ಯಾವ ಬೆಳಕಿನಿಂದ ಬಂದಿದೆ ಎಂಬ ಒಂದು ಸಾಲು. ನಾಲ್ಕೂ ಚಿತ್ರದ ಜೊತೆಗಿನ ಮಾಹಿತಿ ಕಡತದಲ್ಲೇ ಸಿಗುತ್ತವೆ, ಹುಡುಕಾಟ ಬೇಕಿಲ್ಲ. ಅಳತೆಯನ್ನು ‘1:50,000’ ಎಂದು ಅಂಕಿಯಲ್ಲಿ ಕೊಡಬೇಡಿ. ಪುಟ ಕಟ್ಟುವಾಗ ಚಿತ್ರ ಒಂದಿಷ್ಟು ಕುಗ್ಗಿದರೂ ಆ ಅಂಕಿ ಸುಳ್ಳಾಗುತ್ತದೆ. ಇ-ಪತ್ರಿಕೆಯಲ್ಲಿ ಓದುವವರಿಗಂತೂ ಅದಕ್ಕೆ ಅರ್ಥವೇ ಇಲ್ಲ. ಚಿತ್ರದೊಳಗೇ ಗೆರೆ ಎಳೆದು ‘2 ಕಿ.ಮೀ.’ ಎಂದು ಬರೆದರೆ ಚಿತ್ರ ಎಷ್ಟು ಹಿಗ್ಗಿದರೂ ಕುಗ್ಗಿದರೂ ಗೆರೆಯೂ ಅದರ ಜೊತೆಗೇ ಬದಲಾಗುತ್ತದೆ. ಇನ್ನು, ಪುಟದ ಅಂದಕ್ಕೆಂದು ಚಿತ್ರವನ್ನು ಎಡಬಲ ತಿರುವಿ ಹಾಕುವ ಅಭ್ಯಾಸ ಕೆಲವು ವಿನ್ಯಾಸಕಾರರಿಗಿದೆ. ಇಲ್ಲಿ ಅದು ಮಹಾಪರಾಧ. ಬಲಕ್ಕೆ ಸರಿದ ನೆಲ ಎಡಕ್ಕೆ ಸರಿದಂತೆ ಕಂಡು ಇಡೀ ಉತ್ತರವೇ ತಲೆಕೆಳಗಾಗುತ್ತದೆ.

ಎಷ್ಟು ದೊಡ್ಡ ಪ್ರದೇಶವನ್ನು ಚಿತ್ರಕ್ಕೆ ಆರಿಸಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ. ಪತ್ರಿಕೆಯ ಕಾಗದದಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 60 ಪಿಕ್ಸೆಲ್ ಕೊಟ್ಟರೆ ಸಾಕು. ಅಂದರೆ 10 ಸೆಂ.ಮೀ. ಅಗಲದ ಚಿತ್ರಕ್ಕೆ 600 ಪಿಕ್ಸೆಲ್. ಲ್ಯಾಂಡ್‌ಸ್ಯಾಟ್ 8 ಮತ್ತು 9 ಎಂಬ ಅಮೆರಿಕದ ಉಪಗ್ರಹಗಳ ಬಣ್ಣದ ಪಟ್ಟಿಗಳಲ್ಲಿ, ಅಂದರೆ ಒಂದೊಂದು ಬಗೆಯ ಬೆಳಕಿನಲ್ಲಿ ತೆಗೆದ ಬಿಡಿಚಿತ್ರಗಳಲ್ಲಿ, ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್. ಚಿತ್ರದಲ್ಲಿ 18 ಕಿ.ಮೀ. ಅಗಲದ ನೆಲ ಹಿಡಿಸುತ್ತದೆ. ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಉತ್ತಮ ಪಟ್ಟಿಗಳಲ್ಲಿ ಪಿಕ್ಸೆಲ್ 10 ಮೀಟರ್. ಹಿಡಿಸುವುದು 6 ಕಿ.ಮೀ. ಈ ಲೆಕ್ಕ ಮಾಡದೆ ಚಿತ್ರ ಆರಿಸಿದರೆ ಏನಾಗುತ್ತದೆ ನೋಡಿ. ಅಮೆರಿಕದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ (ಎರಡು ಬದಿಯ ನೆಲ ಸರಿದಿರುವ ಬಿರುಕಿನ) ಮೇಲೆ ವಾಲೆಸ್ ಕ್ರೀಕ್ ಎಂಬ ತೊರೆ ಸುಮಾರು 130 ಮೀಟರ್ ಪಕ್ಕಕ್ಕೆ ಸರಿದು ಹರಿಯುತ್ತದೆ. ಭೂವಿಜ್ಞಾನದ ತರಗತಿಗಳಲ್ಲಿ ಇದು ಬಲು ಹೆಸರುವಾಸಿ. ಅದನ್ನೇ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಕೊಟ್ಟರೆ ಸರಿದ ಆ ದೂರ ನಾಲ್ಕೈದು ಪಿಕ್ಸೆಲ್, ಅಚ್ಚಿನಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ. ಸೆಂಟಿನೆಲ್‌ನಲ್ಲಿ 13 ಪಿಕ್ಸೆಲ್, ಎರಡು ಮಿಲಿಮೀಟರ್. ಓದುಗರಿಗೆ ಅಲ್ಲೇನೂ ಕಾಣದಿದ್ದರೆ ತಪ್ಪು ಅವರದಲ್ಲ. ಇದಕ್ಕೆ ತದ್ವಿರುದ್ಧವಾಗಿ ಮಾರಿಟಾನಿಯದ ರಿಶಾಟ್ ವರ್ತುಲ ಸುಮಾರು 40 ಕಿ.ಮೀ. ಅಗಲವಿದೆ. ಸೆಂಟಿನೆಲ್‌ನ ಪೂರ್ಣ ವಿವರದಲ್ಲಿ ಅದರ ಒಂದು ಮೂಲೆ ಮಾತ್ರ ಬರುತ್ತದೆ. ಅಲ್ಲಿ ಪ್ರತಿ ಪಿಕ್ಸೆಲಿಗೆ 100 ಮೀಟರ್ ಬರುವಂತೆ ಕುಗ್ಗಿಸಿ 60 ಕಿ.ಮೀ. ಅಗಲ ತೋರಿಸಬೇಕು. ಆಯ್ದ ಭೂರೂಪ ಚಿತ್ರದ ಅಗಲದಲ್ಲಿ ಅರ್ಧದಿಂದ ಮೂರನೇ ಎರಡು ಭಾಗ ತುಂಬಿರಲಿ. ಸುತ್ತಲಿನ ನೆಲ ಕಾಣದಿದ್ದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ.

ಈಗ ಮುಖ್ಯ ತೊಡಕಿಗೆ ಬರೋಣ. ಈ ಆಟದಲ್ಲಿ ಹೆಚ್ಚು ಜನ ಬೀಳುವ ಹಳ್ಳ ಯಾವುದೆಂದರೆ, ಹಳ್ಳವೇ ಗುಡ್ಡವಾಗಿ ಕಾಣುವುದು. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಎರಡೂ ಒಂದು ಜಾಗದ ಮೇಲೆ ಹಾದುಹೋಗುವುದು ಅಲ್ಲಿನ ಬೆಳಗ್ಗೆ ಸುಮಾರು 10ರಿಂದ 10.30ರ ಹೊತ್ತಿಗೆ. ಉತ್ತರಾರ್ಧಗೋಳದಲ್ಲಿ ಆಗ ಸೂರ್ಯ ಸಾಮಾನ್ಯವಾಗಿ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ ಚಾಚುತ್ತದೆ. ಉತ್ತರವನ್ನು ಮೇಲೆ ಇಟ್ಟು ಚಿತ್ರ ಅಚ್ಚು ಹಾಕಿದರೆ ಬೆಳಕು ಬಲಗಡೆ ಕೆಳಗಿನಿಂದ ಬಂದಂತಾಗುತ್ತದೆ. ನಮ್ಮ ಕಣ್ಣಿಗೋ, ಬೆಳಕು ಯಾವಾಗಲೂ ಮೇಲಿನಿಂದಲೇ ಬೀಳುತ್ತದೆ ಎಂಬ ಹುಟ್ಟು ನಂಬಿಕೆ. ಹಾಗಾಗಿ ಮಿದುಳು ನೆರಳನ್ನು ತಪ್ಪು ಮಗ್ಗುಲಿಗೆ ಹೊಂದಿಸಿ ಕಣಿವೆಯನ್ನು ದಿಣ್ಣೆಯಂತೆ, ಕುಳಿಯನ್ನು ಗುಮ್ಮಟದಂತೆ ತೋರಿಸುತ್ತದೆ. ಒಮ್ಮೆ ಹಾಗೆ ಕಂಡಿತೆಂದರೆ ಎಷ್ಟು ಕಣ್ಣುಜ್ಜಿದರೂ ಸರಿಹೋಗದು.

ಪರಿಹಾರ ಮಾತ್ರ ಬಹಳ ಸುಲಭ, ಕಂಪ್ಯೂಟರಿನ ಪರದೆಗಿಂತ ಪತ್ರಿಕೆಯಲ್ಲೇ ಹೆಚ್ಚು ಸುಲಭ: ಪತ್ರಿಕೆಯನ್ನು ತಲೆಕೆಳಗು ಹಿಡಿಯಿರಿ. ಬೆಳಕು ಎಡಮೇಲಿನಿಂದ ಬಂದಂತಾಗಿ ಕಣಿವೆ ಕಣಿವೆಯಾಗುತ್ತದೆ, ಗುಡ್ಡ ಗುಡ್ಡವಾಗುತ್ತದೆ. ಆದರೂ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕು. ಪ್ರಮಾಣಿಸಲು ನೀರು ಹಿಡಿಯಿರಿ. ಹೊಳೆ, ಕೆರೆ, ಒಣಗಿದ ಹಳ್ಳದ ಬಿಳಿ ಮರಳು, ಅದರ ದಂಡೆಯ ಮರಗಳ ಸಾಲು ಯಾವಾಗಲೂ ತಗ್ಗಿನಲ್ಲೇ ಇರುತ್ತವೆ. ಚಿತ್ರದಲ್ಲಿ ಹೊಳೆಯೊಂದು ದಿಣ್ಣೆಯ ನೆತ್ತಿಯ ಮೇಲೆ ಹರಿಯುತ್ತಿದ್ದರೆ ಮೋಸ ಹೋಗಿರುವುದು ನಿಮ್ಮ ಕಣ್ಣು. ಚಿತ್ರದಲ್ಲಿ ಬಿಡಿ ಮೋಡಗಳಿದ್ದರೆ ಇನ್ನೂ ಒಳ್ಳೆಯದು. ಮೋಡಕ್ಕೂ ಅದರ ನೆರಳಿಗೂ ಗೆರೆ ಎಳೆದರೆ ಸೂರ್ಯನ ದಿಕ್ಕು ತಾನಾಗಿ ಸಿಗುತ್ತದೆ. ಮೋಡವಿಲ್ಲದ ಚಿತ್ರವನ್ನೇ ಆರಿಸಬೇಕೆಂಬ ಹಟ ಈ ಆಟಕ್ಕೆ ಬೇಡ. ದಕ್ಷಿಣಾರ್ಧಗೋಳದಲ್ಲಿ ಸೂರ್ಯ ಈಶಾನ್ಯದಲ್ಲಿರುವುದರಿಂದ ಈ ಭ್ರಮೆ ಕಡಿಮೆ. ಉಷ್ಣವಲಯದಲ್ಲಿ ಸೂರ್ಯ ಋತುವಿನೊಂದಿಗೆ ಕಡೆ ಬದಲಿಸುತ್ತಾನೆ. ದಿನಾಂಕ ಕೊಡಿ ಎನ್ನುವುದು ಅದಕ್ಕೇ. ಕಂಪ್ಯೂಟರಿನಲ್ಲಿ ಎತ್ತರದ ದತ್ತಾಂಶದಿಂದ ನೆರಳಿನ ನಕ್ಷೆ ಬರೆಯುವ ತಂತ್ರಾಂಶಗಳು ಬೆಳಕನ್ನು ವಾಯವ್ಯದಿಂದ, 315 ಡಿಗ್ರಿಯಿಂದ, ಹಾಯಿಸುವ ರೂಢಿ ಇಟ್ಟುಕೊಂಡಿವೆ. ಸಮಶೀತೋಷ್ಣ ಉತ್ತರದ ನಾಡುಗಳಲ್ಲಿ ಬೆಳಗಿನ ಸೂರ್ಯ ಅಲ್ಲಿ ನಿಲ್ಲುವುದೇ ಇಲ್ಲ. ಕಣ್ಣಿಗೆ ಹಿತವಾಗಲೆಂದು ಹೇಳುವ ಸುಳ್ಳು ಅದು, ಒಳ್ಳೆಯ ಸುಳ್ಳು.

ಸೂರ್ಯನ ಕೋನ ಕೊಟ್ಟಿದ್ದರೆ ನೆರಳಿನಿಂದ ಎತ್ತರವನ್ನೂ ಅಳೆಯಬಹುದು. ಅಳತೆಯ ಪಟ್ಟಿಯಿಂದ ನೆರಳಿನ ಉದ್ದ ತೆಗೆದು ಅದನ್ನು ಸೂರ್ಯನ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿದರಾಯಿತು. ಕೋನ 45 ಡಿಗ್ರಿ ಇದ್ದರೆ ನೆರಳಿನಷ್ಟೇ ಎತ್ತರ. 30 ಡಿಗ್ರಿ ಇದ್ದು ನೆರಳು 300 ಮೀಟರ್ ಇದ್ದರೆ ಎತ್ತರ ಸುಮಾರು 173 ಮೀಟರ್. ನೆರಳು ಬಿದ್ದ ನೆಲ ಸಮತಟ್ಟಾಗಿದ್ದರೆ ಮಾತ್ರ ಈ ಲೆಕ್ಕ ಸಲ್ಲುತ್ತದೆ. ಇಳಿಜಾರಿನ ಮೇಲೆ ಬಿದ್ದ ನೆರಳು ಉದ್ದವಾಗಿ ಚಾಚಿ ಗುಡ್ಡವನ್ನು ಇದ್ದದ್ದಕ್ಕಿಂತ ಎತ್ತರ ಮಾಡಿಬಿಡುತ್ತದೆ. ಹಾಗೆಂದು ನೆರಳನ್ನೇ ಪೂರ್ತಿ ನಂಬಿ ಕೂರುವಂತಿಲ್ಲ. ಆಗ್ನೇಯದ ಬೆಳಕಿಗೆ ಅಡ್ಡ ನಿಂತ, ಅಂದರೆ ಈಶಾನ್ಯದಿಂದ ನೈಋತ್ಯಕ್ಕೆ ಹಬ್ಬಿದ ಗುಡ್ಡಸಾಲು ಎದ್ದು ಕಾಣುತ್ತದೆ; ಬೆಳಕಿನ ದಾರಿಗೇ ಮಲಗಿದ ವಾಯವ್ಯ–ಆಗ್ನೇಯ ಸಾಲಿಗೆ ನೆರಳೇ ಇರದೆ ಅದು ಮಾಯವಾಗುತ್ತದೆ. ‘ಈ ಪ್ರದೇಶದ ಬಿರುಕುಗಳೆಲ್ಲ ಒಂದೇ ದಿಕ್ಕಿನವು’ ಎಂದು ಬರೆಯುವ ಮುನ್ನ ಅದು ನೆಲದ ಗುಣವೋ ಸೂರ್ಯನ ಕೈವಾಡವೋ ಎಂದು ಯೋಚಿಸಬೇಕು.

ಒಗಟು ಬಿಡಿಸುವ ಕ್ರಮ ಹೀಗಿರಲಿ: ಮೊದಲು ಬೆಳಕು, ಆಮೇಲೆ ಅಳತೆ, ಆಮೇಲೆ ನೀರಿನ ದಾರಿ, ಆಮೇಲೆ ಆಕಾರ. ಬಣ್ಣ ಕಟ್ಟಕಡೆಗೆ. ಹೊಸಬರು ಬಣ್ಣದಿಂದ ಶುರುಮಾಡುತ್ತಾರೆ, ಕೆಡುವುದು ಅಲ್ಲೇ.

ಆಕಾರಗಳಲ್ಲಿ ಎಲ್ಲರನ್ನೂ ಸೆಳೆಯುವುದು ವೃತ್ತ. ವೃತ್ತ ಕಂಡ ಕೂಡಲೇ ‘ಉಲ್ಕಾಕುಳಿ’ ಎಂದು ಬರೆದು ಕಳಿಸುವವರೇ ಹೆಚ್ಚು. ಆದರೆ ನೆಲದ ಮೇಲೆ ವೃತ್ತ ಬರೆಯುವ ಶಕ್ತಿಗಳು ಹಲವಿವೆ, ಅವುಗಳಲ್ಲಿ ಉಲ್ಕೆ ಅತಿ ವಿರಳ. ಉಲ್ಕಾಕುಳಿ ಎನ್ನಲು ಚಿತ್ರದಲ್ಲಿ ಹುಡುಕಬೇಕಾದದ್ದು ಸುತ್ತಲಿನ ನೆಲಕ್ಕಿಂತ ಎದ್ದ ಅಂಚು, ಸುತ್ತಲಿನ ನೆಲಕ್ಕಿಂತ ಆಳವಾದ ತಳ, ಹೊರಗೆ ಚೆಲ್ಲಿದ ಕಲ್ಲುಮಣ್ಣಿನ ಒರಟು ವಲಯ. ಕಪ್ಪು ಬಸಾಲ್ಟ್ ಬಯಲಿನಲ್ಲಿರುವ ಮಹಾರಾಷ್ಟ್ರದ ಲೋಣಾರ್ ಕುಳಿ ಸುಮಾರು 1.8 ಕಿ.ಮೀ. ಅಗಲ, ಒಳಗೆ ಉಪ್ಪುನೀರಿನ ದುಂಡು ಸರೋವರ. ಸೆಂಟಿನೆಲ್‌ನಲ್ಲಿ ಅದು 180 ಪಿಕ್ಸೆಲ್, ಅಚ್ಚಿನಲ್ಲಿ ಮೂರು ಸೆಂಟಿಮೀಟರ್. ಆರು ಸೆಂ.ಮೀ. ಅಗಲದ ಚಿತ್ರದಲ್ಲಿ ಸರಿಯಾಗಿ ಅರ್ಧ ತುಂಬಿ, ಒಗಟಿಗೆ ಹೇಳಿ ಮಾಡಿಸಿದಂತಿದೆ. ಅರಿಜೋನದ ಮೀಟಿಯರ್ ಕ್ರೇಟರ್ ಸುಮಾರು 1.2 ಕಿ.ಮೀ. ಅಗಲ. ಹತ್ತಿರದಿಂದ ನೋಡಿದರೆ ಅದು ಪೂರ್ತಿ ದುಂಡಗಿಲ್ಲ, ಮೂಲೆ ಸವೆದ ಚೌಕದಂತಿದೆ. ಅಲ್ಲಿನ ಕಲ್ಲಿನಲ್ಲಿ ಮೊದಲೇ ಇದ್ದ ಸೀಳುಗಳ ಗುಂಟ ನೆಲ ಸುಲಭವಾಗಿ ಒಡೆದದ್ದೇ ಕಾರಣ. ಭೂಮಿಯ ಮೇಲೆ ಅಗಲ ಎರಡರಿಂದ ನಾಲ್ಕು ಕಿ.ಮೀ. ದಾಟಿದರೆ ಕುಳಿ ಬರಿಯ ಬಟ್ಟಲಾಗಿ ಉಳಿಯದು, ನಡುವೆ ದಿಬ್ಬ ಎದ್ದಿರುತ್ತದೆ. ಆ ಅಳತೆಗಿಂತ ಎಷ್ಟೋ ದೊಡ್ಡದಾದ ಬಟ್ಟಲಿನ ನಡುವೆ ಏನೂ ಇಲ್ಲದಿದ್ದರೆ ಅನುಮಾನ ಪಡಿ.

ರಿಶಾಟ್ ಇಲ್ಲಿ ಒಳ್ಳೆಯ ಪಾಠ. 1965ರಲ್ಲಿ ಜೆಮಿನಿ 4 ಯಾನಿಗಳು ಕಕ್ಷೆಯಿಂದ ತೆಗೆದ ಚಿತ್ರಗಳು ಅದಕ್ಕೆ ಹೆಸರು ತಂದವು. ಗುರಿಹಲಗೆಯಂತಹ ಆ ಉಂಗುರಗಳನ್ನು ಕಂಡು ಉಲ್ಕೆ ಬಿದ್ದ ಜಾಗ ಎಂದೇ ಮೊದಮೊದಲು ಭಾವಿಸಲಾಗಿತ್ತು. ಅಪ್ಪಳಿಕೆಯ ಒತ್ತಡದಲ್ಲಿ ಹುಟ್ಟುವ ಕೋಯಸೈಟ್ ಖನಿಜ ಸಿಕ್ಕಿದೆ ಎಂಬ ವರದಿಯೂ ಬಂತು. ಆಮೇಲೆ ನೋಡಿದರೆ ಅದು ಬೆರೈಟ್ ಎಂಬ ಬೇರೆಯೇ ಖನಿಜ. ಈಗ ಅದು ಒಳಗಿನಿಂದ ಉಬ್ಬಿ, ಮೇಲೆ ಸವೆದುಹೋದ ಗುಮ್ಮಟ ಎಂದು ಒಪ್ಪಲಾಗಿದೆ. ಈರುಳ್ಳಿಯ ನೆತ್ತಿ ಕೊಯ್ದರೆ ಪದರಗಳು ಉಂಗುರಗಳಾಗಿ ಕಾಣುವಂತೆ ಅಲ್ಲಿ ಕಾಣುತ್ತಿರುವುದು ಕಲ್ಲಿನ ಪದರಗಳು. ಗಟ್ಟಿ ಕ್ವಾರ್ಟ್‌ಜೈಟ್ ದಿಣ್ಣೆಯಾಗಿ ಉಳಿದಿದೆ, ಮೆದು ಪದರ ಸವೆದು ತಗ್ಗಾಗಿದೆ. ಚಿತ್ರದಲ್ಲೇ ಇದಕ್ಕೆ ಸಾಕ್ಷಿ ಇದೆ: ಉಂಗುರಗಳು ಒಂದಲ್ಲ, ಹಲವು, ಪ್ರತಿ ಉಂಗುರದ ಹೊರಮೈ ಸೌಮ್ಯ ಇಳಿಜಾರು, ಒಳಮೈ ಕಡಿದು. ಅಂದರೆ ಪದರಗಳು ಎಲ್ಲ ಕಡೆಯೂ ಹೊರಕ್ಕೆ ಬಾಗಿವೆ. ಬಾಗಿದ್ದು ಹೊರಕ್ಕಾದರೆ ಗುಮ್ಮಟ, ಒಳಕ್ಕಾದರೆ ಬೋಗುಣಿ.

ಉಳಿದ ವೃತ್ತಗಳನ್ನು ಬೇಗ ದಾಟಬಹುದು. ಜ್ವಾಲಾಮುಖಿಯ ಬಾಯಿಯಾದರೆ ಅದು ಶಂಕುವಿನ ತುದಿಯಲ್ಲಿರುತ್ತದೆ, ಸುತ್ತ ತೊರೆಗಳು ಗಾಲಿಯ ಅರಗಳಂತೆ ಎಲ್ಲ ದಿಕ್ಕಿಗೂ ಇಳಿಯುತ್ತವೆ, ನಾಲಿಗೆ ಚಾಚಿದಂತೆ ಲಾವಾ ಹರಿದ ಗುರುತಿರುತ್ತದೆ. ಇರಾನಿನ ಜಾಗ್ರೊಸ್ ಬೆಟ್ಟಗಳಲ್ಲಿ ನೆಲದಾಳದ ಉಪ್ಪು ಕಲ್ಲಿನ ಪದರಗಳನ್ನು ಸೀಳಿ ಮೇಲೆ ಬಂದು, ಹಿಮನದಿಯಂತೆ ಕೆಳಕ್ಕೆ ಜಾರಿರುವ ದುಂಡು ಮಚ್ಚೆಗಳಿವೆ. ಉಪ್ಪು ಎಂದು ಬಿಳಿ ಬಣ್ಣ ಹುಡುಕಿದರೆ ಸಿಗವು, ಮೇಲುಳಿದ ಮಣ್ಣುಕಲ್ಲಿನಿಂದ ಹಲವು ಕಪ್ಪಾಗಿಯೇ ಕಾಣುತ್ತವೆ. ಸುಣ್ಣಕಲ್ಲು ಕರಗಿ ಕುಸಿದ ಗುಂಡಿಗಳು ಒಂಟಿಯಾಗಿ ಬರುವುದು ಕಡಿಮೆ; ಹತ್ತಾರು, ಬೇರೆಬೇರೆ ಅಳತೆಯವು, ಗುಂಪಾಗಿ ಇರುತ್ತವೆ. ಎಲ್ಲವೂ ಒಂದೇ ಅಳತೆಯ, ಕೈವಾರದಿಂದ ಎಳೆದಂತಹ, ಸುಮಾರು 800 ಮೀಟರಿನಿಂದ ಒಂದು ಕಿ.ಮೀ. ಅಗಲದ ಹಸಿರು ಬಿಲ್ಲೆಗಳು ಸಾಲುಸಾಲಾಗಿ ಮರುಭೂಮಿಯಲ್ಲಿ ಕಂಡರೆ ಅದು ಭೂವಿಜ್ಞಾನವೇ ಅಲ್ಲ, ನಡುಗೂಟದ ಸುತ್ತ ತಿರುಗುವ ನೀರಾವರಿ ತೋಳಿನ ಹೊಲ. ಎಲ್ಲಕ್ಕಿಂತ ಚೆಲುವಾದ ಬಲೆ ನ್ಯೂಜಿಲೆಂಡಿನ ತರನಕಿ. ಅದು ನಿಜವಾದ ಜ್ವಾಲಾಮುಖಿಯೇ. ಆದರೆ ಅದರ ಸುತ್ತ ಕಾಣುವ ಕಡುಹಸಿರು ವೃತ್ತ ಲಾವಾದ ಅಂಚಲ್ಲ. 1881ರಲ್ಲಿ ಶಿಖರದಿಂದ ಆರು ಮೈಲಿ, ಅಂದರೆ ಸುಮಾರು 9.6 ಕಿ.ಮೀ. ತ್ರಿಜ್ಯದಲ್ಲಿ ಎಳೆದ ಮೀಸಲು ಅರಣ್ಯದ ಗಡಿ. ಒಳಗೆ ಕಾಡು, ಹೊರಗೆ ಹುಲ್ಲುಗಾವಲು. ತೊರೆಗಳು ಆ ಗೆರೆಯನ್ನು ಲೆಕ್ಕಿಸದೆ ನೇರ ದಾಟುವುದನ್ನು ಗಮನಿಸಿದವರು ಬಲೆಗೆ ಬೀಳರು.

ಉತ್ತರ ಪ್ರಕಟಿಸುವಾಗ ಇನ್ನೊಂದು ಎಚ್ಚರ ಬೇಕು. ಚಿತ್ರ ಮಾತ್ರ ನೋಡಿ ಉಲ್ಕಾಕುಳಿಯೆಂದು ಸಾಧಿಸಲು ಯಾರಿಂದಲೂ ಆಗದು. ಮೀಟಿಯರ್ ಕ್ರೇಟರನ್ನು 1891ರಲ್ಲಿ ಖುದ್ದು ಅಳೆದ ಗ್ರೋವ್ ಕಾರ್ಲ್ ಗಿಲ್ಬರ್ಟ್‌ನಂತಹ ಘಟಾನುಘಟಿ ಭೂವಿಜ್ಞಾನಿಯೇ ಅದನ್ನು ಹಬೆಯ ಸ್ಫೋಟ ಎಂದು ತೀರ್ಮಾನಿಸಿದ್ದ. 1960ರಲ್ಲಿ ಅಲ್ಲಿನ ಕಲ್ಲಿನಲ್ಲಿ ಕೋಯಸೈಟ್ ಸಿಕ್ಕಾಗಷ್ಟೇ ವಾದ ಮುಗಿಯಿತು. ಯೂಟಾದ ಸುಮಾರು ಐದು ಕಿ.ಮೀ. ಅಗಲದ ಅಪ್‌ಹೀವಲ್ ಡೋಮ್ ಉಪ್ಪಿನ ಗುಮ್ಮಟವೋ ಉಲ್ಕಾಕುಳಿಯೋ ಎಂಬ ಜಗಳ, ಆಘಾತಕ್ಕೆ ಸಿಕ್ಕಿದ ಕ್ವಾರ್ಟ್ಜ್ ಹರಳುಗಳ ವರದಿ 2008ರಲ್ಲಿ ಬರುವವರೆಗೂ ಎಳೆದಾಡಿತು. ಆದ್ದರಿಂದ ‘ಉಲ್ಕಾಕುಳಿ ಇರಬಹುದು, ಕಲ್ಲು ನೋಡಿ ಖಚಿತಪಡಿಸಬೇಕು’ ಎಂದು ಬರೆದವರಿಗೆ ಪೂರ್ತಿ ಅಂಕ ಕೊಡಿ.

ವೃತ್ತದ ನಂತರ ಗೆರೆ. ನೇರ ಗೆರೆ ಕಂಡರೆ ಅದು ಸ್ತರಭಂಗವೋ, ಡೈಕೋ, ರಸ್ತೆಯೋ, ಬೇಲಿಯೋ? ರಸ್ತೆ ಎರಡು ಊರುಗಳನ್ನು ಸೇರಿಸುತ್ತದೆ, ಕಡಿದಾದ ಬೆಟ್ಟ ಎದುರಾದರೆ ಬಳಸುತ್ತದೆ. ಡೈಕ್ ಎಂದರೆ ಬಿರುಕಿನಲ್ಲಿ ನುಗ್ಗಿ ಗಟ್ಟಿಯಾದ ಶಿಲಾರಸದ ಗೋಡೆ. ಬೆಟ್ಟ ಕಣಿವೆ ನೋಡದೆ ನೆಟ್ಟಗೆ ಸಾಗುತ್ತದೆ, ಸುತ್ತಲಿನ ಕಲ್ಲಿಗಿಂತ ಗಟ್ಟಿಯಾದರೆ ಏಣಿನಂತೆ, ಮೆದುವಾದರೆ ಚರಂಡಿಯಂತೆ ಕಾಣುತ್ತದೆ. ಹೆಸರು ನೋಡಿ ಮೋಸ ಹೋಗುವುದೂ ಉಂಟು. ಜಿಂಬಾಬ್ವೆಯ ‘ಗ್ರೇಟ್ ಡೈಕ್’ ಸುಮಾರು 550 ಕಿ.ಮೀ. ಉದ್ದ, 3ರಿಂದ 12 ಕಿ.ಮೀ. ಅಗಲ, ಸುಮಾರು 250 ಕೋಟಿ ವರ್ಷ ಹಳೆಯದು. ತಜ್ಞರ ಲೆಕ್ಕದಲ್ಲಿ ಅದು ಡೈಕ್ ಅಲ್ಲ, ಪದರಪದರವಾಗಿ ತಣಿದ ಶಿಲಾರಸದ ದೋಣಿ. ಸ್ತರಭಂಗವಾದರೆ ಗೆರೆಯ ಎರಡೂ ಬದಿಯ ನೆಲ ಹೊಂದದು. ಕಲ್ಲಿನ ಬಣ್ಣದ ಪಟ್ಟಿ ಈಚೆ ಕಡಿದು ಆಚೆ ಬೇರೆಡೆ ಶುರುವಾಗುತ್ತದೆ. ಚೀನಾದ ಟಿಯಾನ್ ಶಾನ್ ತಪ್ಪಲಿನ ಪಿಚ್ಯಾಂಗ್ ಸ್ತರಭಂಗದಲ್ಲಿ ಕೆಂಪು, ಹಸಿರು, ಕೆನೆಬಣ್ಣದ ಪದರಗಳ ಸಾಲುಸಾಲೇ ಸುಮಾರು ಮೂರು ಕಿ.ಮೀ. ಸರಿದಿದೆ. ಲ್ಯಾಂಡ್‌ಸ್ಯಾಟ್‌ನಲ್ಲಿ ಅದು ನೂರು ಪಿಕ್ಸೆಲ್; ವಾಲೆಸ್ ಕ್ರೀಕ್ ಬದಲು ಇದನ್ನು ಕೊಡಿ. ಎಡಸರಿತವೋ ಬಲಸರಿತವೋ ತಿಳಿಯಲು ಗೆರೆಯ ಈಚೆ ನಿಂತು ಆಚೆ ನೋಡುತ್ತಿದ್ದೇನೆ ಎಂದುಕೊಳ್ಳಿ. ಕಡಿದ ಪಟ್ಟಿಯ ಮುಂದಿನ ತುಂಡು ನಿಮ್ಮ ಬಲಗಡೆ ಸಿಕ್ಕರೆ ಬಲಸರಿತ. ಆಚೆ ಹೋಗಿ ನಿಂತು ನೋಡಿದರೂ ಅದೇ ಉತ್ತರ ಬರುತ್ತದೆ. ಬರದಿದ್ದರೆ ಎಲ್ಲೋ ತಪ್ಪಿದ್ದೀರಿ. ಇನ್ನೊಂದು ಜಾತಿಯ ಗೆರೆಯಿದೆ. ಅಂತರ್ಜಾಲದ ನಕ್ಷೆಗಳು ಬೇರೆಬೇರೆ ದಿನದ ಚಿತ್ರಗಳನ್ನು ಹೊಲಿದು ಮಾಡಿದ ಕೌದಿ. ಹೊಲಿಗೆಯ ಎರಡು ಬದಿಗೆ ಬಣ್ಣ ಬೇರೆ, ನೆರಳಿನ ದಿಕ್ಕೂ ಬೇರೆ. ಅಂತಹ ನಕ್ಷೆಯ ಪರದೆಚಿತ್ರ ತೆಗೆದು ಒಗಟು ಮಾಡಿದರೆ ಆ ಹೊಲಿಗೆಯನ್ನೇ ಸ್ತರಭಂಗ ಎಂದು ಬರೆಯುವವರು ಸಿಕ್ಕೇ ಸಿಗುತ್ತಾರೆ. ಒಂದೇ ದಿನದ ಮೂಲ ಚಿತ್ರ ಬಳಸಿ. ಲ್ಯಾಂಡ್‌ಸ್ಯಾಟ್ ಸಂಗ್ರಹ 2008ರಿಂದ ಎಲ್ಲರಿಗೂ ಉಚಿತ. ಸೆಂಟಿನೆಲ್ ಕೂಡ ಉಚಿತ, ‘ಕೋಪರ್ನಿಕಸ್ ಸೆಂಟಿನೆಲ್ ದತ್ತಾಂಶ’ ಎಂದು ವರ್ಷದೊಂದಿಗೆ ನಮೂದಿಸಿದರೆ ಸಾಕು.

ಪದರಶಿಲೆಯ ನಾಡಿನ ಚಿತ್ರ ಕೊಟ್ಟರೆ ಜಾಣ ಓದುಗರು ಇನ್ನೊಂದು ಹೆಜ್ಜೆ ಇಡಬಹುದು: ಪದರ ಯಾವ ಕಡೆಗೆ ಬಾಗಿದೆ ಎಂದು ಕಾಗದದ ಮೇಲೇ ಹೇಳಬಹುದು. ಪದರದ ಅಂಚು ಕಣಿವೆಯೊಂದನ್ನು ದಾಟುವ ಜಾಗ ನೋಡಿ. ಗೆರೆ ಕಣಿವೆಯನ್ನು ಲೆಕ್ಕಿಸದೆ ನೇರ ಹೋದರೆ ಪದರ ಲಂಬವಾಗಿ ನಿಂತಿದೆ. ಗೆರೆ ಕಣಿವೆಯೊಳಗೆ ಬಾಗಿ ಬಾಣದ ಮೊನೆಯಂತಾದರೆ, ಮೊನೆ ತೋರಿಸುವ ದಿಕ್ಕಿಗೇ ಪದರ ಇಳಿದಿದೆ. ಮಲಗಿದ ಪದರದಲ್ಲೂ ಮೊನೆ ಬರುತ್ತದೆ, ಅದು ಹೊಳೆಯ ಮೇಲ್ಗಡೆಗೆ ತಿರುಗಿರುತ್ತದೆ. ಆಗ ಅಂಚಿನ ಗೆರೆ ಸಮೋನ್ನತ ರೇಖೆಯಂತೆ ಎಲ್ಲ ಗುಡ್ಡವನ್ನೂ ಒಂದೇ ಎತ್ತರದಲ್ಲಿ ಸುತ್ತುವುದರಿಂದ ಗುರುತಿಸಬಹುದು. ಪದರದ ಇಳುಕಲು ಹೊಳೆಯ ದಿಕ್ಕಿಗೇ ಇದ್ದು ಹೊಳೆಗಿಂತ ಸೌಮ್ಯವಾಗಿದ್ದರೂ ಈ ನಿಯಮ ತಪ್ಪುತ್ತದೆ, ಆದರೆ ಅದು ಅಪರೂಪ. ಮಡಿಕೆ ಬಿದ್ದ ಪದರಗಳು ವಾಲಿದ್ದರೆ ಗುಡ್ಡಸಾಲುಗಳು ಅಂಕುಡೊಂಕಾಗಿ ತಿರುವುತ್ತವೆ. ಅಮೆರಿಕದ ಅಪಲಾಚಿಯನ್ ಸಾಲುಗಳಲ್ಲಿ ಸಸ್ಕ್ವೆಹಾನ ನದಿ ಅಂತಹ ಗುಡ್ಡಗಳನ್ನು ಒಂದರ ಹಿಂದೊಂದು ಅಡ್ಡ ಕೊಯ್ದು ಸಾಗುವುದು ಹ್ಯಾರಿಸ್‌ಬರ್ಗ್ ಬಳಿಯ ಚಿತ್ರದಲ್ಲಿ ಸೊಗಸಾಗಿ ಕಾಣುತ್ತದೆ.

ಮರಳುದಿಬ್ಬದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಗಾಳಿ ಯಾವ ಕಡೆಯಿಂದ? ಅರ್ಧಚಂದ್ರದಂತಹ ಬಾರ್ಖಾನ್ ದಿಬ್ಬದ ಕೋಡುಗಳು ಗಾಳಿ ಹೋಗುವ ಕಡೆಗೆ ಚಾಚಿರುತ್ತವೆ, ಏಕೆಂದರೆ ಮರಳು ಕಡಿಮೆಯಿರುವ ಅಂಚುಗಳು ನಡುಭಾಗಕ್ಕಿಂತ ವೇಗವಾಗಿ ಮುಂದೆ ಸಾಗುತ್ತವೆ. ಗಿಡಗಂಟಿಯಿರುವ ಕಡೆ ಹುಟ್ಟುವ ಪರವಲಯ ದಿಬ್ಬವೂ ನೋಡಲು ಅರ್ಧಚಂದ್ರವೇ. ಆದರೆ ಅಲ್ಲಿ ಬೇರುಗಳು ಕೋಡುಗಳನ್ನು ಹಿಡಿದಿಟ್ಟು ನಡುಭಾಗ ಮುಂದೆ ಓಡುತ್ತದೆ, ಕೋಡುಗಳು ಗಾಳಿ ಬರುವ ಕಡೆಗೆ ಉಳಿಯುತ್ತವೆ. ಥಾರ್ ಮರುಭೂಮಿಯಲ್ಲಿ ಹೆಚ್ಚಾಗಿರುವುದು ಈ ಎರಡನೆಯ ಬಗೆ. ಒಂದೇ ಆಕಾರ, ಉತ್ತರ ಉಲ್ಟಾ. ಬಿಡಿಸುವ ಕೀಲಿ ಮರಳು ಜಾರಿ ಬೀಳುವ ಕಡಿದಾದ ಮಗ್ಗುಲು, ಅಂದರೆ ಜಾರುಮುಖ: ಅದು ಬಾರ್ಖಾನ್‌ನಲ್ಲಿ ಒಳಬಾಗಿನಲ್ಲಿ, ಪರವಲಯದಲ್ಲಿ ಹೊರಬಾಗಿನಲ್ಲಿ ಇರುತ್ತದೆ. ಜಾರುಮುಖದ ಇಳುಕಲು ಸುಮಾರು 34 ಡಿಗ್ರಿ ಮೀರದು. ಸೂರ್ಯ ಅದಕ್ಕಿಂತ ಎತ್ತರದಲ್ಲಿದ್ದರೆ ಅಲ್ಲಿ ಪೂರ್ಣ ನೆರಳು ಬೀಳುವುದೇ ಇಲ್ಲ, ಬರೀ ಮಬ್ಬು. ಹಾಗಾಗಿ ದಿಬ್ಬಗಳಿಗೆ ಚಳಿಗಾಲದ ಚಿತ್ರವನ್ನೇ ಆರಿಸಿ.

ನದಿಮುಖಜ ಭೂಮಿಯೂ ಮೆಕ್ಕಲು ಬೀಸಣಿಗೆಯೂ ಮೇಲಿನಿಂದ ಅವಳಿಜವಳಿ. ಮೊದಲನೆಯದು ನಿಂತ ನೀರಿನಲ್ಲಿ ಕೊನೆಯಾಗುತ್ತದೆ, ಎರಡನೆಯದು ಬೆಟ್ಟದ ಬಾಯಲ್ಲಿ ಶುರುವಾಗಿ ಒಣನೆಲದಲ್ಲಿ ಹರಡಿ ಮುಗಿಯುತ್ತದೆ. ಮರುಭೂಮಿಯ ಬೀಸಣಿಗೆಯಲ್ಲಿ ಹಳೆಯ ಭಾಗ ಕಪ್ಪು, ಈಗ ನೀರು ಹರಿಯುವ ಭಾಗ ಬಿಳಿಚು. ಕಲ್ಲಿನ ಮೇಲೆ ಸಾವಿರಾರು ವರ್ಷ ಕೂತ ಖನಿಜದ ಕಪ್ಪು ಮೆರುಗೆ ಇದಕ್ಕೆ ಕಾರಣ. ಬೋಟ್ಸ್ವಾನದ ಒಕವಾಂಗೊವನ್ನು ಎಲ್ಲರೂ ಡೆಲ್ಟಾ ಎಂದರೂ ಅದು ಸಮುದ್ರ ಸೇರದ ಬೀಸಣಿಗೆ. ಅದರ ಕೆಳ ಅಂಚು ಕತ್ತರಿಸಿದಂತೆ ನೇರವಾಗಿರುವುದಕ್ಕೆ ಅಲ್ಲಿ ಅಡ್ಡ ಹಾಯ್ದ ಸ್ತರಭಂಗಗಳೇ ಕಾರಣ. ಹಿಮನದಿಗಳ ಬಗ್ಗೆ ಒಂದೇ ಮಾತು: ಮಂಜಿನ ಮೇಲೆ ಸಾಗುವ ಕಲ್ಲುಮಣ್ಣಿನ ಕಪ್ಪು ಪಟ್ಟಿಗಳು ನೇರ ಸಾಗಿದ್ದರೆ ಹಿಮನದಿ ನೆಮ್ಮದಿಯಾಗಿ ಹರಿಯುತ್ತಿದೆ, ಅಲಾಸ್ಕದ ಸುಸಿಟ್ನ ಹಿಮನದಿಯಂತೆ ಕುಣಿಕೆ ಕುಣಿಕೆಯಾಗಿ ಸುತ್ತಿಕೊಂಡಿದ್ದರೆ ಅದು ಆಗೀಗ ದಿಢೀರನೆ ಮುನ್ನುಗ್ಗುವ ಜಾತಿ.

ಬಣ್ಣವನ್ನು ಕಡೆಗೆ ಇಟ್ಟದ್ದಕ್ಕೆ ಕಾರಣ ಹೇಳಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಸಹಜ ಬಣ್ಣದ ಚಿತ್ರದಲ್ಲಿ ಹಿಮ, ಮೋಡ, ಉಪ್ಪಿನ ಬಯಲು, ಸುಣ್ಣಕಲ್ಲಿನ ಗಣಿ ಎಲ್ಲವೂ ಬಿಳಿ. ಕಣ್ಣಿಗೆ ಕಾಣದ ಕಿರುತರಂಗದ ಅವಕೆಂಪು ಬೆಳಕನ್ನು ಸೇರಿಸಿದರೆ ಜಗಳ ಬಗೆಹರಿಯುತ್ತದೆ: ಹಿಮ ಆ ಬೆಳಕನ್ನು ನುಂಗಿ ಕಪ್ಪಾಗುತ್ತದೆ, ನೀರ್ಹನಿಗಳ ಮೋಡ ಹೊಳೆಯುತ್ತಲೇ ಇರುತ್ತದೆ. ಲ್ಯಾಂಡ್‌ಸ್ಯಾಟ್ 8ರಲ್ಲಿ 4, 3, 2ನೇ ಪಟ್ಟಿಗಳನ್ನು ಕ್ರಮವಾಗಿ ಕೆಂಪು, ಹಸಿರು, ನೀಲಿಯಾಗಿ ಹಾಕಿದರೆ (4-3-2) ಸಹಜ ಬಣ್ಣ. 5-4-3 ಹಾಕಿದರೆ ಗಿಡಮರ ಕೆಂಪು, ತಿಳಿನೀರು ಕಪ್ಪು. ಕಲ್ಲುಗಳ ವ್ಯತ್ಯಾಸಕ್ಕೆ 7-6-2 ಒಳ್ಳೆಯದು. ಯಾವುದನ್ನು ಬಳಸಿದ್ದೀರಿ ಎಂದು ಹೇಳದೆ 5-4-3 ಅಚ್ಚು ಹಾಕಿದರೆ ಕಾಡನ್ನು ಕೆಮ್ಮಣ್ಣು ಎಂದು ಓದುವುದು ಸಹಜ. ಪತ್ರಿಕೆಯ ಕಾಗದದಲ್ಲಿ ಶಾಯಿ ಹರಡಿ ಕಪ್ಪು ಇನ್ನಷ್ಟು ಕಪ್ಪಾಗುವುದರಿಂದ ನೆರಳಿನ ಭಾಗವನ್ನು ಪರದೆಯ ಮೇಲೆ ಬೇಕೆನಿಸುವುದಕ್ಕಿಂತ ತುಸು ಹೆಚ್ಚೇ ತಿಳಿಗೊಳಿಸಿ ಮುದ್ರಣಕ್ಕೆ ಕಳಿಸಿ. ಇಲ್ಲದಿದ್ದರೆ ಕಣಿವೆಯೂ ಕೆರೆಯೂ ಒಂದೇ ಮಸಿಯಾಗುತ್ತದೆ.

ಅಂಕ ಹಂಚಿಕೆಗೆ ಒಂದು ಸಲಹೆ. ಒಟ್ಟು ಹತ್ತರಲ್ಲಿ, ಎತ್ತರ-ತಗ್ಗು ಸರಿಯಾಗಿ ಗುರುತಿಸಿದ್ದಕ್ಕೆ ಎರಡು, ಭೂರೂಪದ ಹೆಸರಿಗೆ ಎರಡು, ಚಿತ್ರದಿಂದಲೇ ಎತ್ತಿ ತೋರಿಸಿದ ಆಧಾರಕ್ಕೆ ಮೂರು, ‘ಇದೂ ಇರಬಹುದಿತ್ತು, ಆದರೆ ಇಂಥ ಕಾರಣಕ್ಕೆ ಅಲ್ಲ’ ಎಂದು ತಳ್ಳಿಹಾಕಿದ ಎರಡನೇ ಊಹೆಗೆ ಎರಡು. ಊರಿನ ಹೆಸರಿಗೆ ಒಂದೇ ಒಂದು. ಹೀಗೆ ಮಾಡಿದರೆ ಮೊಬೈಲಿನಲ್ಲಿ ಹುಡುಕಿ ಹೆಸರು ಹೇಳಿದವರು ಮೂರರ ಮೇಲೆ ಏರಲಾರರು. ಉತ್ತರ ಮುದ್ರಿಸುವ ದಿನ ಅದೇ ಚಿತ್ರದ ಪಕ್ಕ ಅದೇ ಅಳತೆಯಲ್ಲಿ ಎತ್ತರದ ನೆರಳುನಕ್ಷೆ ಕೊಡಿ. 2000ದ ಫೆಬ್ರುವರಿಯಲ್ಲಿ ಗಗನನೌಕೆಯ ರೇಡಾರ್ 11 ದಿನಗಳಲ್ಲಿ ಅಳೆದ, 30 ಮೀಟರ್ ವಿವರದ ಎತ್ತರದ ದತ್ತಾಂಶ ಇದಕ್ಕೆ ಧಾರಾಳ ಸಾಕು.

ಕಡೆಯದಾಗಿ, ಒಗಟಿನ ಉತ್ತರವನ್ನು ಅದೇ ಪುಟದ ಅಡಿಯಲ್ಲಿ ತಲೆಕೆಳಗಾಗಿ ಅಚ್ಚು ಹಾಕುವುದು ಪತ್ರಿಕೆಗಳ ಹಳೆಯ ರೂಢಿ. ದಯವಿಟ್ಟು ಈ ಒಗಟಿಗೆ ಮಾತ್ರ ಅದು ಬೇಡ. ಗುಡ್ಡ ಯಾವುದು, ಹಳ್ಳ ಯಾವುದು ಎಂದು ನೋಡಲು ಓದುಗರು ಮೊದಲು ಮಾಡುವ ಕೆಲಸವೇ ಪತ್ರಿಕೆಯನ್ನು ತಿರುಗಿಸಿ ಹಿಡಿಯುವುದು.

ಇತಿ,
ಭೂವಿಜ್ಞಾನ ಬಲ್ಲ ಓದುಗರು